‘ಮಾಧ್ಯಮ ಸಾಕ್ಷರತೆ’ಯನ್ನು ಪುಟ್ಟ ಮಕ್ಕಳಿಗೆ ಏನೆಂದು ಹೇಳೋಣ?

ಗೆಳೆಯರೇ,

ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಒಂದು ಪಾಠ ಬರೆಯುತ್ತಿದ್ದೇನೆ. ಮೊಬೈಲಿನಲ್ಲಿ ಕಂಡದ್ದು ನಿಜವೇ, ಯಾರು ಮಾಡಿದ್ದು, ಕತೆಯೋ ಜಾಹೀರಾತೋ ಎಂದು ಮಗು ಕೇಳುವಂತಾಗಬೇಕು. ಇದಕ್ಕೆ ‘ಮಾಧ್ಯಮ ಸಾಕ್ಷರತೆ’ ಎಂಬ ಮಾತು ಬಳಕೆಯಲ್ಲಿದೆ. ಮಕ್ಕಳ ಮುಂದೆ ಅದು ಮೊದಲ ಪದಕ್ಕೇ ಎಡವುತ್ತದೆ. ‘ನಿನಗೆ ಗೊತ್ತಿರುವ ಮಾಧ್ಯಮ ಯಾವುದು?’ ಎಂದು ಎರಡನೇ ತರಗತಿಯ ಹುಡುಗಿಯನ್ನು ಕೇಳಿದೆ. ‘ಕನ್ನಡ ಮಾಧ್ಯಮ’ ಅಂದಳು. ಶಾಲೆಯಲ್ಲಿ ಆ ಪದಕ್ಕೆ ಇರುವ ಅರ್ಥವೇ ಅದು, ಅಲ್ವಾ?

‘ಸಾಕ್ಷರತೆ’ ಇನ್ನೂ ತೊಡಕು. ಅದರೊಳಗೆ ‘ಅಕ್ಷರ’ ಕೂತಿದೆ. ಮಗುವೋ ಅಕ್ಷರ ಕಲಿಯುವ ಮೊದಲೇ ವಿಡಿಯೊ ನೋಡುತ್ತದೆ. ಅಕ್ಷರ ಬಂದರೂ ಸಾಲದು. 2018ರ ಮಕ್ಕಳ ಕಳ್ಳರ ವದಂತಿ ನೆನಪಿದೆಯೇ? ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬ ಗುಂಪಿನ ಹೊಡೆತಕ್ಕೆ ಸತ್ತ. ಆ ದಿನಗಳಲ್ಲಿ ವಾಟ್ಸಾಪಿನಲ್ಲಿ ಜಾಸ್ತಿ ಹರಿದಾಡಿದ ಒಂದು ವಿಡಿಯೊ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಎತ್ತಿಕೊಂಡು ಹೋದ ಮಗುವನ್ನು ವಾಪಸ್ ತಂದು ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ‘ಇದರ ಮುಂದೇನಾಯಿತು?’ ಎಂದು ಕೇಳುವ ಅಭ್ಯಾಸಕ್ಕೆ ನನಗೆ ಹೆಸರು ಬೇಕು.

ಫಿನ್‌ಲೆಂಡಿನಲ್ಲಿ ಇದನ್ನು ಎಳವೆಯಿಂದಲೇ ಕಲಿಸುತ್ತಾರೆ. ಅವರ ಪದ ‘ಮೆದಿಯಾಲುಕುತೈತೊ’. ಲುಕು ಅಂದರೆ ಓದು, ತೈತೊ ಅಂದರೆ ಬಲ್ಲತನ. ಮನೆಮಾತಿನ ಪದಗಳೇ.

ನಮ್ಮಲ್ಲಿ ‘ಒರೆಗೆ ಹಚ್ಚು’ ಇದೆ, ಆದರೆ ಒರೆಗಲ್ಲನ್ನು ಮಕ್ಕಳು ಕಂಡಿಲ್ಲ. ‘ಕೇರು’ ಚೆನ್ನಾಗಿದೆ, ಪೇಟೆಯ ಮನೆಗಳಲ್ಲಿ ಮೊರವೇ ಇಲ್ಲ. ‘ಸೋಸು’ ಗೊತ್ತಿದೆ. ಆದರೆ ಸೋಸುವುದು ಬೇಡದ್ದನ್ನು ಬಿಡುವುದಷ್ಟೇ, ಯಾರು ಮಾಡಿದ್ದು ಎಂದು ಕೇಳುವುದು ಅದರಲ್ಲಿ ಬರುವುದಿಲ್ಲ.

ನನ್ನ ಮನಸ್ಸು ‘ವಿಚಾರಿಸಿ ನೋಡು’ ಕಡೆಗೆ ವಾಲುತ್ತಿದೆ. ‘ಅಂಗಡಿಯಲ್ಲಿ ವಿಚಾರಿಸಿಕೊಂಡು ಬಾ’ ಅಂದರೆ ಮಗುವಿಗೆ ತಿಳಿಯುತ್ತದೆ. ವಿಚಾರಿಸು ಅಂದರೆ ಕೇಳುವುದೂ ಹೌದು, ಯೋಚಿಸುವುದೂ ಹೌದು. ‘ನೋಡು’ ಕಣ್ಣಿಗೂ ಸಲ್ಲುತ್ತದೆ, ಪರೀಕ್ಷೆಗೂ ಸಲ್ಲುತ್ತದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯಲ್ಲಿರುವುದು ಇದೇ ‘ನೋಡು’.

ತೊಂದರೆ ಒಂದೇ. ಇದು ಕ್ರಿಯಾಪದ. ಶಿಕ್ಷಕರ ಕೈಪಿಡಿಗೆ ನಾಮಪದ ಬೇಕು, ‘ವಿಚಾರಿಸಿ ನೋಡುವಿಕೆ’ ಬಾಯಿಗೆ ಹತ್ತುವುದಿಲ್ಲ. ಧಾರವಾಡ, ಕಲಬುರಗಿ, ಕರಾವಳಿ ಕಡೆ, ಕೇಳಿದ ಸುದ್ದಿ ಖರೆಯೋ ಸುಳ್ಳೋ ನೋಡುವುದಕ್ಕೆ ಮನೆಯಲ್ಲಿ ಏನನ್ನುತ್ತೀರಿ?