ಅಬ್ಲೇಷನ್‌ಗೆ ‘ಬರೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ,

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಬಳಗದ ಹಿರಿಯರಿಗಾಗಿ ಎದೆಬಡಿತದ ತೊಂದರೆಗಳ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ‘ಅಬ್ಲೇಷನ್’ ಎಂಬ ಪದದ ಹತ್ತಿರ ಬಂದು ನಿಂತಿದ್ದೇನೆ. ದಾರಿ ತಪ್ಪಿದ ಎದೆಬಡಿತವನ್ನು ತಡೆಯಲು ಹೃದಯದಲ್ಲಿ ಬೇಕೆಂದೇ ಗಾಯದ ಕಲೆ ಮೂಡಿಸುವ ಚಿಕಿತ್ಸೆ ಇದು.

ಲ್ಯಾಟಿನ್ ಮೂಲದಲ್ಲಿ ಇದಕ್ಕೆ ‘ತೆಗೆದುಹಾಕು’ ಎಂಬ ಅರ್ಥ. ಆದರೆ ಇಲ್ಲಿ ಏನನ್ನೂ ಹೊರಗೆ ತೆಗೆಯುವುದಿಲ್ಲ. 1987ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜೇಮ್ಸ್ ಕಾಕ್ಸ್ ಹೃದಯದ ಮೇಲಿನ ಕೋಣೆಗಳನ್ನು ಗೆರೆಗೆರೆಯಾಗಿ ಕತ್ತರಿಸಿ, ಮತ್ತೆ ಹೊಲಿದರು. ಹೊಲಿದ ಕಡೆ ಕಲೆ ಕಟ್ಟಿತು. ಕಲೆಯ ಮೂಲಕ ವಿದ್ಯುತ್ತು ಹರಿಯದು, ದಾರಿ ತಪ್ಪಿದ ಮಿಡಿತ ಅಲ್ಲೇ ನಿಲ್ಲುತ್ತದೆ. ಆಮೇಲೆ ಕತ್ತರಿಯ ಬದಲು ಬಿಸಿ ಬಂತು. ಸುಮಾರು 50 ಡಿಗ್ರಿ ದಾಟಿದರೆ ಆ ಜಾಗದ ಜೀವಕೋಶಗಳು ಸಾಯುತ್ತವೆ, ಕಲೆ ಉಳಿಯುತ್ತದೆ.

ಬಿಸಿಯಿಂದ ಎಳೆದ ಗೆರೆ, ಹಾಗೇ ಉಳಿಯುವ ಗುರುತು. ಇದು ನಮ್ಮ ‘ಬರೆ’ಯೇ ಅಲ್ವಾ? ಬರೆ ಅಂದರೆ ಗೆರೆಯೂ ಹೌದು, ಸುಟ್ಟ ಗುರುತೂ ಹೌದು. ಎರಡೂ ಅರ್ಥ ಇಷ್ಟು ಚೆನ್ನಾಗಿ ಕೂಡುವ ಇನ್ನೊಂದು ಪದ ನನಗೆ ಹೊಳೆಯುತ್ತಿಲ್ಲ. ಇಲ್ಲಿ ಮರಾಠಿಯವರೂ ‘ಡಾಗ್ ದೇಣೇ’ ಅನ್ನುತ್ತಾರೆ, ಅಲ್ಲೂ ಕಲೆ ಮತ್ತು ಬರೆ ಒಂದೇ ಪದದಲ್ಲಿವೆ.

ಆದರೆ ಅಳುಕೂ ಇದೆ. ಕಾಮಾಲೆಗೆ ಅಂತ ಮಕ್ಕಳಿಗೆ ಬರೆ ಹಾಕಿಸಿದ್ದನ್ನು ಕಂಡ ಹಿರಿಯರು ನಮ್ಮಲ್ಲಿದ್ದಾರೆ. ‘ಗಾಯದ ಮೇಲೆ ಬರೆ’ ಎಂಬ ಮಾತಂತೂ ಎಲ್ಲರ ಬಾಯಲ್ಲಿದೆ. ಹೃದಯಕ್ಕೆ ಬರೆ ಎಂದು ಓದಿದರೆ ಅವರು ಹೆದರಿ ಚಿಕಿತ್ಸೆಯೇ ಬೇಡ ಅಂದುಬಿಟ್ಟರೆ? ಆ ಭಯ ನನಗೆ ಪದಕ್ಕಿಂತ ದೊಡ್ಡದು.

ಇನ್ನೊಂದು ಪದ, ‘ಮೈಕ್ರೋವೇವ್’. ಈ ಚಿಕಿತ್ಸೆಯಲ್ಲಿ ಬಿಸಿ ಕೊಡಲು ಜಾಸ್ತಿ ಬಳಸುವುದು ರೇಡಿಯೋ ತರಂಗ. ಮೈಕ್ರೋವೇವ್ ಬಳಸಿದ್ದೂ ಉಂಟು, 915 ಅಥವಾ 2450 ಮೆಗಾಹರ್ಟ್ಸ್ ಕಂಪನಾಂಕದಲ್ಲಿ. ಎರಡನೆಯದು ಅಡುಗೆಮನೆಯ ಓವನ್‌ನದೇ. ಅಂಗಾಂಶದೊಳಗಿನ ನೀರಿನ ಅಣುಗಳು ಅತ್ತಿತ್ತ ಹೊರಳಿ ಬಿಸಿ ಹುಟ್ಟುತ್ತದೆ. ‘ಸೂಕ್ಷ್ಮತರಂಗ’ ಎಂದು ಕೆಲವು ಪುಸ್ತಕಗಳಲ್ಲಿದೆ. ಆದರೆ ಗಾಳಿಯಲ್ಲಿ ಓವನ್‌ನ ಈ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಅರ್ಧ ಗೇಣಿಗಿಂತ ಜಾಸ್ತಿ! ಸೂಕ್ಷ್ಮ ಎಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕದು ಎಂದೇ ಜನ ತಿಳಿಯುತ್ತಾರೆ. ಹಾಗಾಗಿ ಮೈಕ್ರೋವೇವ್ ಎಂದೇ ಇಡುತ್ತೇನೆ, ಓವನ್ ಮನೆಮನೆಯಲ್ಲೂ ಗೊತ್ತು.

ಅಬ್ಲೇಷನ್‌ಗೆ ಸದ್ಯಕ್ಕೆ ‘ತಡೆಗೆರೆ’ ಎಂದು ಬರೆದಿಟ್ಟಿದ್ದೇನೆ. ಭಯವಿಲ್ಲ, ಆದರೆ ಬಿಸಿಯ ಸುಳಿವೂ ಇಲ್ಲ. ‘ಬಿಸಿಗೆರೆ’ ಹೇಗೆ? ನಿಮ್ಮ ಊರ ಕಡೆ ಬರೆಗೆ ಇನ್ನಷ್ಟು ಮೆದುವಾದ ಪದವಿದ್ದರೆ ದಯವಿಟ್ಟು ತಿಳಿಸಿ.