ಐಎಸ್ಒ ಪತ್ರವೂ ದೊಡ್ಡಪ್ಪನ ಏಣಿಯೂ

ಭಾನುವಾರ ಬೆಳಿಗ್ಗೆ 5:48ಕ್ಕೆ ದೊಡ್ಡಪ್ಪ ನಮ್ಮ ಮನೆತನದ ಗುಂಪಿಗೆ ಒಂದು ಚಿತ್ರ ಹಾಕಿದರು. ಗಾಜಿನ ಬಾಗಿಲು, ಹೂಕುಂಡ, ಟೋಕನ್ ಯಂತ್ರವಿರುವ ಪಂಚಾಯಿತಿ ಕಚೇರಿ. ಕೆಳಗೆ ಬರಹ: "ಜಿನೀವಾದ ಐಎಸ್ಒ ಸಂಸ್ಥೆ ಈ ಗ್ರಾಮ ಪಂಚಾಯಿತಿಯನ್ನು ವಿಶ್ವದಲ್ಲೇ ನಂಬರ್ ಒನ್ ಎಂದು ಘೋಷಿಸಿದೆ. ಹೆಮ್ಮೆಯಿದ್ದರೆ ಹತ್ತು ಜನರಿಗೆ ಕಳುಹಿಸಿ." ಅದಕ್ಕೆ ತಮ್ಮದೂ ಒಂದು ಸಾಲು ಸೇರಿಸಿದ್ದರು: "ಕೆಲವರು ಐದು ವರ್ಷ ಸದಸ್ಯರಾಗಿದ್ದರೂ ಕಚೇರಿಗೆ ಸುಣ್ಣ ಹೊಡೆಸಲಿಲ್ಲ."

ಆ "ಕೆಲವರು" ಗುಂಪಿನಲ್ಲಿ ಒಬ್ಬರೇ ಇದ್ದಾರೆ.

ಚಿಕ್ಕಪ್ಪ: ಸುಣ್ಣಕ್ಕೆ ಅನುದಾನ ಬಂದಿರಲಿಲ್ಲ ಅಣ್ಣ. ಒಳ್ಳೆಯ ಪಂಚಾಯಿತಿಗೆ ರಾಜ್ಯ ಸರ್ಕಾರ ಕೊಡುವ ಗಾಂಧಿ ಗ್ರಾಮ ಪುರಸ್ಕಾರ ನಮಗೆ ಕೂದಲೆಳೆಯಲ್ಲಿ ತಪ್ಪಿತು. ತಾಲ್ಲೂಕಿಗೆ ಒಂದೇ ಪಂಚಾಯಿತಿಗೆ ಕೊಡುತ್ತಾರೆ. 5 ಲಕ್ಷ ರೂಪಾಯಿ ಬಂದಿದ್ದರೆ ಬಣ್ಣವನ್ನೇ ಬಳಿಸುತ್ತಿದ್ದೆ.

ದೊಡ್ಡಪ್ಪನ ಮಗ, ಅಂದರೆ ನಮ್ಮ ಅಣ್ಣ, ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದಾನೆ. ಎದ್ದ ಕೂಡಲೇ ಬಂದ.

ಅಣ್ಣ: ಅಪ್ಪಾ, ಐಎಸ್ಒ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಅದು ಅಂತರರಾಷ್ಟ್ರೀಯ ಸಂಸ್ಥೆ; ಮಾನಕ, ಅಂದರೆ ಕೆಲಸ ಹೇಗಿರಬೇಕೆಂಬ ಅಳತೆಗೋಲು, ಬರೆಯುವುದಷ್ಟೇ ಅದರ ಕೆಲಸ. ಪರಿಶೀಲಿಸಿ ಪತ್ರ ಕೊಡುವ ಸಂಸ್ಥೆಗಳೇ ಬೇರೆ. ಆ ಸಂಸ್ಥೆಗಳಿಗೆ ಮಾನ್ಯತೆ ಕೊಡಲು ನಮ್ಮ ದೇಶದಲ್ಲಿ ಎನ್‌ಎಬಿಸಿಬಿ ಎಂಬ ಮಂಡಳಿ ಇದೆ. ನಂಬರ್ ಒನ್ ಎಂಬ ಪಟ್ಟಿಯೇ ಇಲ್ಲ. ಪತ್ರದ ಸಂಖ್ಯೆ ಎಲ್ಲಿ? ತಾರೀಖು ಎಲ್ಲಿ? ಮೂರು ವರ್ಷಕ್ಕೆ ಅದರ ಅವಧಿ ಮುಗಿಯುತ್ತದೆ.

ದೊಡ್ಡಪ್ಪ: ಹೆಣ್ಣು ನೋಡಲು ಹೋದಾಗಲೂ ನೀನು ಹೀಗೆಯೇ ಪ್ರಶ್ನೆ ಹಾಕಿದೆ. ಎರಡು ಸಂಬಂಧ ತಪ್ಪಿದವು.

ಅತ್ತೆ: ಮೂರು.

ಅಣ್ಣ: ವಿಷಯಕ್ಕೆ ಬನ್ನಿ. ಐಎಸ್ಒ 9001, ಅಂದರೆ ಗುಣಮಟ್ಟ ನಿರ್ವಹಣೆಯ ಮಾನಕದ ಪತ್ರ, ಪಡೆದ ಪಂಚಾಯಿತಿಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬಂದೇ ಬರುತ್ತದೆ ಎಂದು ಅರ್ಥವಲ್ಲ. ಅರ್ಜಿಯನ್ನು ಯಾರು, ಎಷ್ಟು ದಿನದಲ್ಲಿ, ಹೇಗೆ ವಿಲೇವಾರಿ ಮಾಡಬೇಕೆಂದು ಗೊತ್ತುಮಾಡಿಕೊಂಡ ಕ್ರಮದಂತೆ ಕೆಲಸ ನಡೆಯುತ್ತಿದೆಯೇ, ದೂರು ಬಂದಾಗ ಕಾರಣ ಹುಡುಕಿ ಸರಿಪಡಿಸಿದರೇ ಎಂದು ನೋಡುತ್ತಾರೆ. ಹೂಕುಂಡ ನೋಡಿ ಯಾರೂ ಪತ್ರ ಕೊಡುವುದಿಲ್ಲ.

(ನಿಜ ಹೇಳಬೇಕೆಂದರೆ ಅವನು ಹೇಳಿದ್ದು ಸರಿ. ಆದರೆ ಅವನು ಸರಿಯಾಗಿ ಹೇಳಿದಷ್ಟೂ ಗುಂಪಿನಲ್ಲಿ ಅವನ ಪಕ್ಷ ಕರಗುತ್ತದೆ.)

ಅತ್ತೆ: ಹಳೆಯ ಪಂಚಾಯಿತಿ ಕಟ್ಟೆಯಲ್ಲಿ ರೇಡಿಯೊ ಇತ್ತು, ನೆನಪಿದೆಯೇ? ಸಂಜೆಯ ವಾರ್ತೆಗೆ ಊರೆಲ್ಲ ಸೇರುತ್ತಿತ್ತು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಆಗ ಯಾವ ಐಎಸ್ಒ ಇತ್ತು?

ದೊಡ್ಡಪ್ಪ: ಆಗ ಮನುಷ್ಯರಿಗೆ ಆತ್ಮಸಾಕ್ಷಿ ಇತ್ತು. ಗೋಡೆಗೆ ಪತ್ರ ನೇತುಹಾಕುವ ಅಗತ್ಯವಿರಲಿಲ್ಲ.

ಪತ್ರದ ಹೆಮ್ಮೆಯನ್ನು ಬೆಳಿಗ್ಗೆ ಹಂಚಿದವರು ಇವರೇ ಎಂದು ಯಾರೂ ನೆನಪಿಸಲಿಲ್ಲ. ಅಷ್ಟರಲ್ಲಿ ಚಿಕ್ಕಪ್ಪನ ಮಗಳು ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು.

ತಂಗಿ: ದೊಡ್ಡಪ್ಪ, ಬೋರ್ಡು ಮಲಯಾಳದಲ್ಲಿದೆ. ಇದು ಕೇರಳದ್ದು. ಅಲ್ಲಿ ಬಹಳಷ್ಟು ಪಂಚಾಯಿತಿಗಳು ಐಎಸ್ಒ ಪತ್ರ ಪಡೆದಿವೆ.

ಇದಕ್ಕೆ ಒಬ್ಬರೂ ಉತ್ತರ ಕೊಡಲಿಲ್ಲ. ಸೋದರಮಾವ ಒಂದು ಗುಲಾಬಿ ಹೂವಿನ ಚಿತ್ರ ಹಾಕಿದರು.

ಅಣ್ಣ: ಕೇಂದ್ರ ಸರ್ಕಾರವೇ ಪಂಚಾಯಿತಿಗಳಿಗೆ ಅಂಕ ಕೊಟ್ಟಿದೆ. 2022-23ರ ಪಂಚಾಯಿತಿ ಪ್ರಗತಿ ಸೂಚ್ಯಂಕದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳಿದ್ದವು, ಅತ್ಯುನ್ನತ ದರ್ಜೆಯಾದ ಎ ಪ್ಲಸ್ ಒಂದಕ್ಕೂ ಸಿಗಲಿಲ್ಲ. ಅದೆಲ್ಲ ಇರಲಿ. ಆರು ತಿಂಗಳಿಗೊಮ್ಮೆ ಗ್ರಾಮಸಭೆ ನಡೆಯಬೇಕು, ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಲೆಕ್ಕಪತ್ರ, ಕಾಮಗಾರಿ ಎಲ್ಲವನ್ನೂ ಜನರ ಮುಂದಿಡಬೇಕು. ಈ ಗುಂಪಿನಲ್ಲಿ ಯಾರು ಹೋಗಿದ್ದೀರಿ?

ಹನ್ನೊಂದು ಜನ ಓದಿದರು. ನಾನೂ ಓದಿದೆ.

ಚಿಕ್ಕಪ್ಪ: ನಾನು ಸದಸ್ಯನಾಗಿದ್ದಾಗ ಪ್ರತಿ ಸಭೆಗೂ ಅಣ್ಣನನ್ನು ಕರೆದೆ. ಒಮ್ಮೆಯೂ ಬರಲಿಲ್ಲ.

ದೊಡ್ಡಪ್ಪ: ಹೇಗೆ ಬರಲಿ? 2010ರಲ್ಲಿ ನನಗೆ ಒಂದು ಮಾತು ಹೇಳದೆ ನಾಮಪತ್ರ ಹಾಕಿದೆ. ಚಿಹ್ನೆ ಏಣಿ ಸಿಕ್ಕಿತೆಂದು ನಮ್ಮ ಮನೆಯ ಏಣಿಯನ್ನೇ ಮೆರವಣಿಗೆಗೆ ಒಯ್ದೆ. ಇವತ್ತಿಗೂ ಹಿಂತಿರುಗಿಸಿಲ್ಲ.

ಚಿಕ್ಕಪ್ಪ: ಎಣಿಕೆಯಾದ ಮರುದಿನವೇ ನಿಮ್ಮ ಕೊಟ್ಟಿಗೆಗೆ ಒರಗಿಸಿ ಬಂದೆ.

ದೊಡ್ಡಪ್ಪ: ಸುಳ್ಳು. ಆ ವರ್ಷ ತೆಂಗಿನಕಾಯಿ ಕೆಡವಲು ಬಾಡಿಗೆಗೆ ಏಣಿ ತಂದಿದ್ದೇನೆ.

ಮುಂದಿನ ನಲವತ್ತು ಸಂದೇಶಗಳಲ್ಲಿ ಐಎಸ್ಒ ಎಂಬ ಶಬ್ದ ಎಲ್ಲಿಯೂ ಬರಲಿಲ್ಲ. ಏಣಿ ಬಿದಿರಿನದೋ ಬೀಟೆಯದೋ ಎಂಬುದರ ಮೇಲೆಯೇ ಎಂಟು ಸಂದೇಶ. ಸೋದರಮಾವ ಎರಡನೆಯ ಗುಲಾಬಿ ಹಾಕಿದರು. ರಾತ್ರಿ ಒಂಬತ್ತಕ್ಕೆ ಅತ್ತೆ ಬಂದರು.

ಅತ್ತೆ: ಏಣಿ ನಮ್ಮ ಅಟ್ಟದಲ್ಲಿದೆ. ಹಂಚು ಸರಿಪಡಿಸಲು ಕೊಟ್ಟಿಗೆಯಿಂದ ನಾನೇ ತರಿಸಿಕೊಂಡೆ. ಅತ್ತಿಗೆಗೆ ಹೇಳಿದ್ದೆ. ನೀವಿಬ್ಬರೂ ನನ್ನನ್ನು ಕೇಳಲಿಲ್ಲ.

ಅಣ್ಣ: ಅತ್ತೆ, ಅದೇ ಏಣಿ ಎಂಬುದಕ್ಕೆ ಆಧಾರ?

ಅತ್ತೆ ಚಿತ್ರ ಕಳುಹಿಸಿದರು. ಬಿದಿರಿನದೇ. ಕೆಳಗಿನ ಮೆಟ್ಟಿಲಿನ ಮೇಲೆ ಮಾಸಿದ ಬಿಳಿ ಬಣ್ಣದಲ್ಲಿ ಚಿಕ್ಕಪ್ಪನ ಕೈಬರಹ: "ಏಣಿಗೇ ನಿಮ್ಮ ಮತ."

ದೊಡ್ಡಪ್ಪ ಅದನ್ನು ತಮ್ಮ ನಿವೃತ್ತ ಶಿಕ್ಷಕರ ಗುಂಪಿಗೆ ಕಳುಹಿಸಿದ್ದಾರಂತೆ.