ಎಂಆರ್‌ಐ ನಾರ್ಮಲ್, ಆದರೂ ಫಿಟ್ಸ್ ನಿಂತಿಲ್ಲ. ಡಿಟಿಐ ಮಾಡಿಸಬೇಕಾ?

ಪ್ರಶ್ನೆ, ರಾಣೆಬೆನ್ನೂರಿನಿಂದ:
ನಮಸ್ಕಾರ ಸರ್. ನನ್ನ ತಮ್ಮನಿಗೆ 24 ವರ್ಷ. ಎಂಟು ವರ್ಷದಿಂದ ಫಿಟ್ಸ್ ಇದೆ. ಎರಡು ಥರದ ಗುಳಿಗೆ ತಪ್ಪದೆ ನುಂಗುತ್ತಾನೆ, ಆದರೂ ತಿಂಗಳಿಗೆ ಎರಡು ಮೂರು ಸಲ ಬರುತ್ತದೆ. ಕೈಕಾಲು ಬಡಿಯುವುದಿಲ್ಲ. ಹೊಟ್ಟೆಯಿಂದ ಏನೋ ಮೇಲೆ ಬಂದಂಗಾಯ್ತು ಅಂತಾನೆ, ಆಮೇಲೆ ಸುಮ್ನೆ ಒಂದೇ ಕಡೆ ನೋಡುತ್ತಾ ಬಾಯಿ ಚಪ್ಪರಿಸುತ್ತಾನೆ. ಹುಬ್ಬಳ್ಳಿಯಲ್ಲಿ ಎಂಆರ್‌ಐ ಮಾಡಿಸಿದೆವು, ನಾರ್ಮಲ್ ಅಂತ ಬಂತು. ಬೆಂಗಳೂರಿನಲ್ಲಿರುವ ನಮ್ಮ ಮಾವ, "ಡಿಟಿಐ ಅಂತ ಹೊಸ ಸ್ಕ್ಯಾನ್ ಇದೆ, ಮೆದುಳಿನ ವೈರಿಂಗ್ ಎಲ್ಲಾ ಕಾಣುತ್ತೆ" ಎನ್ನುತ್ತಾರೆ. ಮಾಡಿಸೋಣವೇ?

ಉತ್ತರ, ರೇಡಿಯಾಲಜಿಸ್ಟ್, ಹುಬ್ಬಳ್ಳಿ:
ನಿಮ್ಮ ಮಾವ ಹೇಳಿದ್ದು ಸುಳ್ಳಲ್ಲ. ಹೊಸದು ಮಾತ್ರ ಅಲ್ಲ, ಪೀಟರ್ ಬ್ಯಾಸರ್ ಮತ್ತು ಜೊತೆಗಾರರು 1994ರಲ್ಲೇ ಇದನ್ನು ತೋರಿಸಿದ್ದರು. ಮಷೀನು ಅದೇ ಎಂಆರ್‌ಐ, ಲೆಕ್ಕ ಬೇರೆ.

ಮೆದುಳಿನ ಬಿಳಿ ಭಾಗ ಅಂದರೆ ನರತಂತುಗಳ ಕಟ್ಟು. ಒಂದು ಜಾಗದ ಸುದ್ದಿ ಇನ್ನೊಂದು ಜಾಗಕ್ಕೆ ಮುಟ್ಟುವುದು ಇದರಲ್ಲೇ. ಎರೆಹೊಲದಲ್ಲಿ ಮಳೆನೀರು ಬಿತ್ತಿದ ಸಾಲು ಹಿಡಿದೇ ಓಡುತ್ತದೆ, ಅಡ್ಡ ದಾಟುವುದು ಕಡಿಮೆ, ಅಲ್ವಾ? ತಂತುಗಳ ಒಳಗೂ ಸುತ್ತಲೂ ಇರುವ ನೀರಿನ ಕಣಗಳೂ ಹಾಗೇ. ಹರಿಯುವುದಿಲ್ಲ, ಮಿಸುಕಾಡುತ್ತವೆ, ಅದೂ ಉದ್ದಕ್ಕೆ ಜಾಸ್ತಿ. ಆ ಒಲವನ್ನು 0ಯಿಂದ 1ರ ನಡುವಿನ ಒಂದು ಅಂಕಿಯಲ್ಲಿ ಹೇಳುತ್ತೇವೆ, ಅದೇ ಎಫ್‌ಎ. ಸಾಲು ಕೆಟ್ಟರೆ ನೀರು ಸಿಕ್ಕ ಕಡೆ ಹರಡುತ್ತದೆ, ಅಂಕಿ ಇಳಿಯುತ್ತದೆ.

ಎನಿಗ್ಮಾ ಎಂಬ, ಹಲವು ದೇಶಗಳ ಸಂಶೋಧಕರ ಗುಂಪಿನವರು 2020ರಲ್ಲಿ 1249 ಮೂರ್ಛೆ ರೋಗಿಗಳನ್ನು 1069 ಆರೋಗ್ಯವಂತರ ಜೊತೆ ಹೋಲಿಸಿದರು. ರೋಗಿಗಳಲ್ಲಿ ಹಲವು ಕಟ್ಟುಗಳ ಎಫ್‌ಎ ಕಡಿಮೆ ಇತ್ತು. ಎಡಬಲ ಮೆದುಳನ್ನು ಜೋಡಿಸುವ ಕಾರ್ಪಸ್ ಕ್ಯಾಲೋಸಮ್‌ನಲ್ಲೂ ಇಳಿಕೆ ಕಂಡಿತು. ಎಂಆರ್‌ಐ ನಾರ್ಮಲ್ ಇದ್ದ, ಟೆಂಪೊರಲ್ ಲೋಬ್‌ನಿಂದ (ಕಿವಿಯ ಹತ್ತಿರದ ಮೆದುಳಿನ ಭಾಗ) ಫಿಟ್ಸ್ ಬರುವ ರೋಗಿಗಳೂ ಅದರಲ್ಲಿದ್ದರು. ಅವರಲ್ಲೂ ಬದಲಾವಣೆ ಇತ್ತು, ಸ್ವಲ್ಪ ಕಡಿಮೆ.

ಆದರೆ ಅದು ಗುಂಪಿನ ಸರಾಸರಿ. ಒಬ್ಬನ ಅಂಕಿ ವಯಸ್ಸಿಗೆ, ಮಷೀನಿಗೆ, ತಲೆ ಅಲ್ಲಾಡಿಸಿದ್ದಕ್ಕೂ ಬದಲಾಗುತ್ತದೆ. ಅದೊಂದನ್ನೇ ನೋಡಿ "ಫಿಟ್ಸ್ ಇಲ್ಲಿಂದಲೇ ಹುಟ್ಟುತ್ತದೆ" ಅಂತ ಬರೆದುಕೊಡಲು ನನ್ನಿಂದಾಗುವುದಿಲ್ಲ. ಈಗಲೇ ದುಡ್ಡು ಹಾಕಬೇಡಿ. ಮನೆಯಲ್ಲಿರುವ ಸಿಡಿಯಲ್ಲಿ ಸ್ಲೈಸ್, ಅಂದರೆ ಮೆದುಳನ್ನು ಹೋಳು ಹೋಳಾಗಿ ತೋರಿಸುವ ಒಂದೊಂದು ಚಿತ್ರದ ಪದರ, ಎಷ್ಟು ದಪ್ಪ ಇದೆ, ನೋಡಿ ಹೇಳಿ.

ಪ್ರಶ್ನೆ, ಗದಗಿನಿಂದ:
ನಡುವೆ ಕೇಳಿದ್ದಕ್ಕೆ ಕ್ಷಮಿಸಿ ಸರ್. ವೈರಿಂಗ್ ಕೆಟ್ಟಿದ್ದಕ್ಕೆ ಫಿಟ್ಸ್ ಬರುತ್ತದೋ, ಫಿಟ್ಸ್ ಬಂದು ವೈರಿಂಗ್ ಕೆಡುತ್ತದೋ? ನನ್ನ ಮಗಳಿಗೆ ಟ್ಯೂಬರಸ್ ಸ್ಕ್ಲೆರೋಸಿಸ್ (ಮೆದುಳು, ಚರ್ಮದಂಥ ಕಡೆ ಗಂಟು ಬೆಳೆಯುವ ಕಾಯಿಲೆ) ಇದೆ.

ಉತ್ತರ:
ಅಕ್ಕಾ, ಒಂದು ಸ್ಕ್ಯಾನ್ ಅಂದರೆ ಒಂದು ದಿನದ ಫೋಟೋ. ಯಾವುದು ಮೊದಲು ಅಂತ ಅದು ಹೇಳುವುದಿಲ್ಲ. ನಿಮ್ಮ ಮಗಳ ಕಾಯಿಲೆಯ ಮಾತು ಸ್ವಲ್ಪ ಬೇರೆ. ಅದರ ಮೂಲ ಟಿಎಸ್‌ಸಿ1 ಅಥವಾ ಟಿಎಸ್‌ಸಿ2 ಜೀನ್‌ನಲ್ಲಿದೆ, ಮೆದುಳು ಬೆಳೆಯುವಾಗಲೇ ತಂತುಗಳು ಬೇರೆ ಥರ ಕೂಡಿಕೊಳ್ಳುತ್ತವೆ. ಹಾಗಾಗಿ ಎಂಆರ್‌ಐನಲ್ಲಿ ಚೆನ್ನಾಗಿ ಕಾಣುವ ಬಿಳಿ ಭಾಗದಲ್ಲೂ ಡಿಟಿಐ ವ್ಯತ್ಯಾಸ ತೋರಿಸುತ್ತದೆ. ಇದನ್ನು ಓದಿ ಗುಳಿಗೆ ಮಾತ್ರ ನಿಲ್ಲಿಸಬೇಡಿ.

ರಾಣೆಬೆನ್ನೂರಿನವರು:
ಸಿಡಿ ನೋಡಿದೆ ಸರ್. 5 ಮಿಲಿಮೀಟರ್ ಅಂತ ಇದೆ.

ಉತ್ತರ:
ಅದು ಸಾಮಾನ್ಯ ತಲೆ ಸ್ಕ್ಯಾನ್. ಮೂರ್ಛೆಗೆ 1 ಮಿಲಿಮೀಟರ್ ತೆಳುವಾಗಿ ತೆಗೆದು, ಟೆಂಪೊರಲ್ ಲೋಬಿನ ಒಳಗಿರುವ ಹಿಪ್ಪೊಕ್ಯಾಂಪಸ್‌ಗೆ ಅಡ್ಡಲಾಗಿಯೂ ನೋಡಬೇಕು. ಮೊದಲು ಅದನ್ನು ಮಾಡಿಸಿ. ಸರಿಯಾಗಿ ಆರಿಸಿದ ಎರಡು ಔಷಧಿಗೂ ಬಗ್ಗದಿದ್ದರೆ ನಿಮ್ಹಾನ್ಸ್‌ನಂಥ ಕಡೆ ವಿಡಿಯೋ ಇಇಜಿ (ಫಿಟ್ಸ್ ಬರುವಾಗಿನ ವಿಡಿಯೋ ಜೊತೆಗೆ ಮೆದುಳಿನ ವಿದ್ಯುತ್ ಅಲೆಗಳ ದಾಖಲೆ) ಮಾಡಿ, ಆಪರೇಷನ್ ಆಗುತ್ತದಾ ಅಂತ ನೋಡುತ್ತಾರೆ. ಡಿಟಿಐ ನಿಜಕ್ಕೂ ಕೆಲಸಕ್ಕೆ ಬರುವುದು ಆಗ. ಕಣ್ಣಿನಿಂದ ಬಂದ ಸುದ್ದಿ ಒಯ್ಯುವ ತಂತುಗಳು ಟೆಂಪೊರಲ್ ಲೋಬಿನಲ್ಲಿ ಮುಂದಕ್ಕೆ ಬಾಗಿ ಹೋಗುತ್ತವೆ, ಅದಕ್ಕೆ ಮೇಯರ್ ಲೂಪ್ ಎನ್ನುತ್ತಾರೆ. ಅದು ಕಡಿದರೆ ಇನ್ನೊಂದು ಬದಿಯ ಮೇಲಿನ ಮೂಲೆ ಕಾಣದಂತಾಗುತ್ತದೆ. ಅದು ಎಲ್ಲಿದೆ ಅಂತ ಸರ್ಜನ್‌ಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಇನ್ನೊಂದು. ಫಿಟ್ಸ್ ಬಂದಾಗ ಕೈಗೆ ಕೊಡಲು ಅಂತ ತಮ್ಮನ ಜೇಬಿನಲ್ಲಿ ಕೀಲಿಕೈ ಇಟ್ಟಿದ್ದರೆ ಸ್ಕ್ಯಾನ್ ಕೋಣೆ ಒಳಗೆ ಹೋಗುವ ಮೊದಲು ತೆಗೆಯಿರಿ. ಅದು ಫಿಟ್ಸ್ ನಿಲ್ಲಿಸುವುದಿಲ್ಲ, ಕಬ್ಬಿಣದ್ದಾದರೆ ಮಷೀನು ಎಳೆದುಕೊಳ್ಳುತ್ತದೆ.